ಒಂದೇ ನಾಯಿ ಕಚ್ಚಿದ ಇಬ್ಬರು

ಜಗಳೂರು ಕಡೆಯ ಕುರಿಗಾರರು ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಮಂದೆ ಹೊಡೆದುಕೊಂಡು ಪಡುವಣಕ್ಕೆ ಹೊರಡುತ್ತಾರೆ. ಅವರ ಊರುಗಳಲ್ಲಿ ಅಷ್ಟರಲ್ಲಿ ಹುಲ್ಲು ಸುಟ್ಟು ಕರಕಾಗಿರುತ್ತದೆ. ಇತ್ತ ಚನ್ನಗಿರಿ, ಹೊನ್ನಾಳಿಯ ನೀರಾವರಿ ಬಯಲಿನಲ್ಲಿ ಕೊಯ್ದ ಗದ್ದೆಗಳ ಕೂಳೆ ಮತ್ತೆ ಚಿಗುರಿರುತ್ತದೆ. ಹಗಲೆಲ್ಲ ಕುರಿ ಮೇಯುತ್ತವೆ, ರಾತ್ರಿ ಯಾರಾದರೊಬ್ಬ ರೈತನ ಗದ್ದೆಯಲ್ಲಿ ನಿಲ್ಲುತ್ತವೆ. ಗದ್ದೆಗೆ ಗೊಬ್ಬರ ಸಿಗುತ್ತದೆ, ಕುರಿಗಾರನಿಗೆ ಕಾಳುಕಡಿ ಸಿಗುತ್ತದೆ. ಮದುವೆಯಾದಾಗಿನಿಂದ ಅಜ್ಜಮ್ಮ ಗಂಡ ಬೈಲಪ್ಪನ ಜೊತೆ ಈ ದಾರಿ ನಡೆಯುತ್ತಲೇ ಇದ್ದಳು. ಮಗಳನ್ನು ಹೆತ್ತ ವರ್ಷ ಒಂದು ಬಿಟ್ಟರೆ ತಪ್ಪಿಸಿದ್ದಿಲ್ಲ. ಆ ಮಗಳು ಈಗ ಜಗಳೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ.

ಅಜ್ಜಮ್ಮ ಮಾತು ಕಮ್ಮಿಯ ಹೆಂಗಸು. ಎತ್ತರದ ಆಳು, ಉದ್ದ ಕೈ, ನಡೆದರೆ ಗಂಡನಿಗಿಂತ ಎರಡು ಮಾರು ಮುಂದೆ. ಮಂದೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಯಾವ ಮರಿ ತಾಯಿಯನ್ನು ಬಿಟ್ಟು ಹಿಂದೆ ಉಳಿದಿದೆ ಅನ್ನುವುದು ಅವಳಿಗೆ ತಿಳಿದುಬಿಡುತ್ತಿತ್ತು. ಓದು ಬಾರದು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕಂಡಕ್ಟರನ ಕೂಗು ಕೇಳಿಯೇ ಹತ್ತಬೇಕು. ಯಾರ ಮನೆಯ ಅಂಗಳಕ್ಕೂ ಕರೆಯದೆ ಕಾಲಿಡುವವಳಲ್ಲ. ಎದುರಿಗಿದ್ದವರು ಒಂದು ಮಾತು ಜೋರಾಗಿ ಆಡಿದರೆ ತಾನೇ ಸುಮ್ಮನಾಗಿ ದೂರ ಸರಿಯುವ ಸ್ವಭಾವ. ಅಂಥವಳು ಆ ವರ್ಷ ಒಬ್ಬರ ಮನೆಯ ಕಟ್ಟೆಯ ಮೇಲೆ ಕೂತು, ಏಳುವುದಿಲ್ಲ ಎಂದು ಹಟ ಹಿಡಿದಳು ಅಂದರೆ ಅವಳನ್ನು ಬಲ್ಲವರು ನಂಬಲಿಲ್ಲ.

ಆದದ್ದು ಹೀಗೆ. ಆ ಸಲ ಮಂದೆ ಕತ್ತಲಗೆರೆಯ ಮರುಳಪ್ಪ ಎಂಬ ರೈತನ ಗದ್ದೆಯಲ್ಲಿ ನಿಂತಿತ್ತು. ಮರುಳಪ್ಪ ಅರವತ್ತರ ಹತ್ತಿರದವನು. ಭತ್ತದ ಗದ್ದೆ, ಅದರ ಪಕ್ಕ ಒಂದಿಷ್ಟು ಅಡಿಕೆ, ಮನೆ ತುಂಬ ಜನ ಬಂದು ಹೋಗುವ ಸಂಸಾರ. ಕುರಿಗಾರರೆಂದು ಅವನು ಯಾವತ್ತೂ ಹಗುರ ಮಾಡಿದವನಲ್ಲ. ಬೆಳಗ್ಗೆ ಹೊತ್ತು ಏರುವಾಗ ಬದುವಿನ ಮೇಲೆ ನಿಂತು, ಇನ್ನೂ ನಾಲ್ಕು ದಿನ ಮೇಲಿನ ಮಡಿಯಲ್ಲಿ ಕುರಿ ನಿಲ್ಲಿಸಿ ಎಂದು ಬೈಲಪ್ಪನಿಗೆ ಹೇಳುತ್ತಿದ್ದ. ಅಜ್ಜಮ್ಮ ಮಂದೆಯ ಸುತ್ತ ಕಟ್ಟಿದ್ದ ಬಲೆ ಬಿಚ್ಚಿ ಕುರಿ ಹೊರಗೆ ಬಿಡುತ್ತಿದ್ದಳು.

ಬಸವಾಪಟ್ಟಣದ ರಸ್ತೆಯ ಕಡೆಯಿಂದ ಒಂದು ಬಿಳಿ ನಾಯಿ ಬಂತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ತಲೆ ತಗ್ಗಿಸಿಕೊಂಡು, ಯಾರೋ ಕರೆದ ಹಾಗೆ ನೆಟ್ಟಗೆ ಬಂದು ಮರುಳಪ್ಪನ ಮೀನಖಂಡಕ್ಕೆ ಬಾಯಿ ಹಾಕಿತು. ಅವನು ಪಂಚೆ ಕೊಡವಿ ಒದ್ದ. ಅದು ಅಲ್ಲಿಂದ ಕುರಿಯ ಮೇಲೆ ನುಗ್ಗಿತು. ಅಜ್ಜಮ್ಮ ಕೋಲು ಬೀಸಿದಳು. ಕೋಲು ತಪ್ಪಿತು, ನಾಯಿ ಅವಳ ಮುಂಗೈ ಕಚ್ಚಿ ಜೋತುಬಿತ್ತು. ಮಂದೆಯ ನಾಯಿ ಕೆಂಚ ಹಾರಿಬಂದು ಅದರ ಕುತ್ತಿಗೆ ಹಿಡಿಯದಿದ್ದರೆ ಬಿಡುತ್ತಿರಲಿಲ್ಲ. ಎರಡೂ ಉರುಳಾಡಿದವು. ಕೊನೆಗೆ ಬಿಳಿ ನಾಯಿ ಬಿಡಿಸಿಕೊಂಡು ಬಂದ ಹಾಗೆಯೇ ತಲೆ ತಗ್ಗಿಸಿ ರಸ್ತೆ ಕಡೆ ಹೋಯಿತು. ಅವತ್ತೇ ಮಧ್ಯಾಹ್ನ ಅದನ್ನು ಯಾರೋ ಹೊಡೆದು ಹಾಕಿದರು ಎಂದು ಆಮೇಲೆ ಗೊತ್ತಾಯಿತು. ಕೆಂಚನ ಕಿವಿ ಹರಿದಿತ್ತು.

ಬೈಲಪ್ಪ ಗಂಟು ಬಿಚ್ಚಿ ಅರಿಶಿನದ ಪೊಟ್ಟಣ, ಎಲೆಯಡಿಕೆ ಚೀಲದ ಸುಣ್ಣ ಹಿಡಿದು ಓಡಿ ಬಂದ. ಅಜ್ಜಮ್ಮ ಅವನ ಕೈ ತಳ್ಳಿದಳು.

"ಏನೂ ಹಚ್ಚಬ್ಯಾಡ್ರಿ. ಗೌಡ್ರೆ, ಮೋಟ್ರು ಹಾಕ್ರಿ. ನೀರು ಬೇಕು."

ಮರುಳಪ್ಪ ಪಂಪ್‌ಸೆಟ್ ಹಾಕಿದ. ಅವಳು ಬಟ್ಟೆ ಒಗೆಯುವ ಸೋಪು ಹಿಡಿದು ಪೈಪಿನ ಬಾಯಿಗೆ ಕೈ ಕೊಟ್ಟು ಕೂತಳು. ನೊರೆ ಕೆಂಪಾಗಿ ಹೋಯಿತು, ಆಮೇಲೆ ನಸುಗೆಂಪು, ಆಮೇಲೆ ಬಿಳಿ. ಅವಳು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿಕೊಂಡು ಗಾಯ ಅಗಲಿಸಿ ಅಗಲಿಸಿ ತೊಳೆದಳು. ಬೈಲಪ್ಪ "ಸಾಕು ಬಿಡೇ" ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಕುರಿಗಳು ಗದ್ದೆ ದಾಟಿ ಅಡಿಕೆ ತೋಟದ ಬೇಲಿ ಮುಟ್ಟುವವರೆಗೂ ತೊಳೆಯುತ್ತಲೇ ಇದ್ದಳು.

ಅವಳ ಅಣ್ಣ ತಿಪ್ಪೇರುದ್ರ ನಾಯಿ ಕಚ್ಚಿ ಸತ್ತವನು. ಅವಳಿಗಾಗ ಹತ್ತು ವರ್ಷ ಇದ್ದೀತು. ಅವನನ್ನು ಮಣ್ಣು ಮಾಡಿದ ಮೇಲೆ ಆಸ್ಪತ್ರೆಯ ಒಬ್ಬರು ಸೈಕಲ್ಲಿನಲ್ಲಿ ಊರಿಗೆ ಬಂದು, ಗುಡಿಯ ಮುಂದೆ ಜನರನ್ನು ಕೂರಿಸಿಕೊಂಡು, ನಾಯಿ ಕಚ್ಚಿದರೆ ಮೊದಲು ಸೋಪು ನೀರು, ಆಮೇಲೆ ಆಸ್ಪತ್ರೆ, ನಡುವೆ ಬೇರೆ ಏನೂ ಇಲ್ಲ ಎಂದು ಹೇಳಿ ಹೋಗಿದ್ದರು. ದೊಡ್ಡವರು ಆಕಳಿಸುತ್ತ ಕೇಳಿದ್ದರು. ಹುಡುಗಿ ಕೇಳಿದ ಹಾಗೆ ಬೇರೆ ಯಾರೂ ಕೇಳಿರಲಿಲ್ಲ.

"ಗೌಡ್ರೆ, ನೀವೂ ಕಾಲು ತೊಳ್ಕಳ್ರಿ," ಅಂದಳು.

ಮರುಳಪ್ಪ ಪಂಚೆ ಎತ್ತಿ ನೋಡಿಕೊಂಡ. ಎರಡು ಕಡೆ ಹಲ್ಲು ಇಳಿದ ಗುರುತು, ಎಳ್ಳಿನಷ್ಟು ರಕ್ತ. "ನಂದೇನೈತೆ, ಬಟ್ಟೆ ಮ್ಯಾಲೆ ಬಾಯಿ ಹಾಕೈತೆ ಅಷ್ಟೆ," ಎಂದು ಒಂದು ಬೊಗಸೆ ನೀರು ಹಾಕಿಕೊಂಡ. ಅವಳು ಸೋಪು ಚಾಚಿದಳು. ತೆಗೆದುಕೊಂಡು ಸವರಿದಂತೆ ಮಾಡಿ ವಾಪಸು ಕೊಟ್ಟ. "ನಡಿ, ವ್ಯಾನ್ ತರ್ತೀನಿ. ನನ್ನ ಗದ್ದೇಲಿ ಕಚ್ಚಿಸ್ಕಂಡೀಯ, ನಾನೇ ಆಸ್ಪತ್ರೆಗೆ ಬಿಡಬೇಕು."

ಚನ್ನಗಿರಿಯ ದಾರಿಯಲ್ಲಿ ಅವನು ವ್ಯಾನ್ ಓಡಿಸುತ್ತ ಒಂದು ಮಾತು ಹೇಳಿದ. "ಅಲ್ಲಿ ನನ್ನ ವಿಷ್ಯ ಎತ್ತಬ್ಯಾಡ ಅಜ್ಜಮ್ಮ. ಸಣ್ಣೋನಿದ್ದಾಗ ನಮ್ಮ ಚಿಕ್ಕಪ್ಪನಿಗೆ ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚಿದ್ರು. ಆತ ಕೂಗಿದ್ದು ಇನ್ನೂ ಕಿವೀಲೈತೆ. ನನ್ನ ಕೈಲಿ ಆಗಲ್ಲ."

"ಈಗ ಹೊಟ್ಟೆಗೆ ಹಾಕಲ್ಲಂತೆ ಗೌಡ್ರೆ. ತೋಳಿಗಂತೆ."

"ನೋಡಾನ."

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕೈ ತಿರುಗಿಸಿ ನೋಡಿ, "ಏನೂ ಹಚ್ಚಿಲ್ಲವಲ್ಲ, ಒಳ್ಳೇದಾಯ್ತು" ಅಂದರು. ನಾಯಿ ಎಲ್ಲಿ, ಯಾರಾದರೂ ಸಾಕಿದ್ದಾ, ಬೇರೆ ಯಾರಿಗಾದರೂ ಕಚ್ಚಿದೆಯಾ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ಅಜ್ಜಮ್ಮನ ಬಾಯಿ ತೆರೆಯಿತು. ಬಾಗಿಲಾಚೆ ಬೆಂಚಿನ ಮೇಲೆ ಮರುಳಪ್ಪನ ಬಿಳಿ ಪಂಚೆ ಕಾಣುತ್ತಿತ್ತು. ವ್ಯಾನಿನಲ್ಲಿ ಕರೆತಂದ ಮನುಷ್ಯ, ನಿನ್ನೆ ಮನೆಯಿಂದ ಮುದ್ದೆ ಕಳಿಸಿದ ಮನುಷ್ಯ, ಎತ್ತಬೇಡ ಅಂದಿದ್ದಾನೆ.

"ನಮ್ಮ ಮಂದೆ ನಾಯಿಗೆ ಕಚ್ಚೈತ್ರಿ," ಅಂದಳು. ಅಷ್ಟೇ ಅಂದಳು.

ತೋಳಿನ ಸೂಜಿ ಇರುವೆ ಕಚ್ಚಿದ ಹಾಗಿತ್ತು. ಆದರೆ ಇನ್ನೊಂದು ಔಷಧಿ ಇತ್ತು, ಅದನ್ನು ಗಾಯದೊಳಕ್ಕೇ ಸುತ್ತ ಚುಚ್ಚಿ ತುಂಬಬೇಕು. ಈ ಲಸಿಕೆ ಮೈಯಲ್ಲಿ ಕೆಲಸ ಶುರುಮಾಡೋಕೆ ಕೆಲವು ದಿನ ಹಿಡಿಯುತ್ತೆ, ಅಲ್ಲಿವರೆಗೂ ಇದು ಕಾಯುತ್ತೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಸೂಜಿ ಹಲ್ಲಿನ ತೂತಿಗೆ ಇಳಿದಾಗ ಅಜ್ಜಮ್ಮ ಕೂಗಿಕೊಂಡಳು. ಹೆರಿಗೆಯಲ್ಲಿ ಕೂಡ ಕೂಗದವಳು, ನರ್ಸಿನ ಭುಜ ಹಿಡಿದು ಕೂಗಿದಳು. ಹೊರಗೆ ಬಂದಾಗ ಬೆಂಚು ಖಾಲಿ. ಮರುಳಪ್ಪ ವ್ಯಾನಿನ ಹತ್ತಿರ ನಿಂತಿದ್ದ. ಮುಖ ಬಿಳುಚಿತ್ತು.

"ಗೌಡ್ರೆ, ನೀವು ಒಳಗೆ ಹೋಗ್ಬರ್ರಿ. ನಾ ಇಲ್ಲೇ ಕೂತಿರ್ತೀನಿ."

"ನೀ ಕೂಗಿದ್ದು ಕೇಳಿಸ್ತು," ಅಂದ ಅವನು. "ಇಲ್ಲೇ ಹತ್ರ ಬೇರು ಕೊಡೋರೊಬ್ರು ಅದಾರೆ. ಪಥ್ಯ ಮಾಡಿದ್ರಾತು. ನೀ ಹತ್ತು."

ಅವಳು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕೆಂದು ನಾಲಿಗೆಯವರೆಗೆ ಬಂದ ಮಾತು ಊರು ಬರುವವರೆಗೂ ಹೊರಗೆ ಬರಲಿಲ್ಲ.

ಮತ್ತೆ ಮೂರನೇ ದಿನ ಬರಬೇಕು, ಏಳನೇ ದಿನ ಬರಬೇಕು, ಕೊನೆಯದು ಇಪ್ಪತ್ತೆಂಟನೇ ದಿನ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕುರಿಗಾರರು ಒಂದು ಕಡೆ ನಿಲ್ಲುವವರಲ್ಲ ಎಂದು ಇವಳು ಹೇಳಿದ್ದಕ್ಕೆ, "ಎಲ್ಲೇ ಇರಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಈ ಚೀಟಿ ತೋರಿಸಿ, ಬಿಡಬೇಡಿ ಅಷ್ಟೆ" ಅಂದಿದ್ದರು. ಹಾಗೆ ಎರಡನೆಯದು ಚನ್ನಗಿರಿಯಲ್ಲೇ ಆಯಿತು. ಮೂರನೆಯದರ ಹೊತ್ತಿಗೆ ಮಂದೆ ಹೊನ್ನಾಳಿ ಸೀಮೆಯಲ್ಲಿತ್ತು. ಅವತ್ತು ಹೊಸ ಗದ್ದೆಗೆ ಕುರಿ ಹೊಡೆಯಬೇಕಾದ ದಿನ. ಬೈಲಪ್ಪ, ನಾಳೆ ಹೋದರಾಗದಾ ಎಂದು ಗೊಣಗಿದ. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಡಾಂಬರು ರಸ್ತೆಗೆ ನಡೆದುಬಿಟ್ಟಳು. ಹೊನ್ನಾಳಿಯ ಆಸ್ಪತ್ರೆಯಲ್ಲಿ ಸಾಲು ಉದ್ದ ಇತ್ತು. ನಿಂತಳು. ಹಾಕಿಸಿಕೊಂಡಳು. ಸಂಜೆ ಮಂದೆ ಎಲ್ಲಿ ನಿಂತಿದೆ ಎಂದು ಕೇಳುತ್ತ ಕೇಳುತ್ತ ಬಂದು ಸೇರಿದಳು. ಗಾಯ ಅಷ್ಟರಲ್ಲಿ ಒಣಗುತ್ತ ಬಂದಿತ್ತು.

ಕೆಂಚನದು ಬೇರೆ ಕತೆ. ಕಚ್ಚಿದ ಮಾರನೇ ದಿನವೇ ಬೈಲಪ್ಪ ಅವನನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ಡಾಕ್ಟರು ಚುಚ್ಚುಮದ್ದು ಹಾಕಿ, "ಇದಕ್ಕೆ ಮುಂಚೆ ಯಾವತ್ತಾದ್ರೂ ಹಾಕ್ಸಿದ್ರಾ?" ಎಂದು ಕೇಳಿದರು. ಬೈಲಪ್ಪ ತಲೆ ತಗ್ಗಿಸಿದ. "ಹಂಗಾದ್ರೆ ಇದು ಹಿಡಿಯುತ್ತೆ ಅಂತ ನಾನು ಹೇಳಕ್ಕಾಗಲ್ಲ. ಸರಪಳಿ ಹಾಕಿ ದೂರ ಕಟ್ರಿ. ತಿಂಗಳುಗಟ್ಲೆ ನೋಡ್ಬೇಕು. ಬರಿಗೈಲಿ ಮುಟ್ಟಬೇಡ್ರಿ, ತಟ್ಟೆ ಕೋಲಲ್ಲಿ ತಳ್ರಿ."

ತೋಳ ಬಂದಾಗ ಎದುರು ನಿಂತ ನಾಯಿ ಅದು. ಮಳೆಯಲ್ಲಿ ಬೈಲಪ್ಪನ ಕಂಬಳಿಯ ಒಂದು ಮೂಲೆ ಅದಕ್ಕೇ ಮೀಸಲು. ಈಗ ಮಂದೆ ಒಂದು ಕಡೆ, ಮರಕ್ಕೆ ಕಟ್ಟಿಹಾಕಿದ ಅದು ಇನ್ನೊಂದು ಕಡೆ. ಸಾಮಾನಿನ ಲಗೇಜ್ ಆಟೋದಲ್ಲಿ ಒಂದು ಮೂಲೆಗೆ ಬಿಗಿದು ಊರಿಂದೂರಿಗೆ ಒಯ್ಯುತ್ತಿದ್ದರು. ಕುರಿ ಕದಲಿದಾಗೆಲ್ಲ ಅದು ಸರಪಳಿ ಎಳೆದು ಅಳುತ್ತಿತ್ತು. ಬೈಲಪ್ಪ ಎದ್ದು ಅದರ ಕಡೆ ಹೆಜ್ಜೆ ಹಾಕಿದರೆ ಅಜ್ಜಮ್ಮ "ಬ್ಯಾಡ" ಎನ್ನುತ್ತಿದ್ದಳು. ಅವನು ನಿಂತು, ದೂರದಿಂದಲೇ "ಕೆಂಚಾ" ಎಂದು ಕರೆದು, ತಿರುಗಿ ಬರುತ್ತಿದ್ದ.

ನ್ಯಾಮತಿ ಹತ್ತಿರ ಮಂದೆ ನಿಂತಾಗ ಅದರ ದನಿ ಒಡೆಯಿತು. ಬೊಗಳಿದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಕೊನೆಗೆ ಊಳಿಡುವಂತೆ ಎಳೆಯುತ್ತಿತ್ತು. ಮಾರನೇ ದಿನ ಕೆಳದವಡೆ ಜೋತುಬಿತ್ತು. ತಟ್ಟೆಯಲ್ಲಿದ್ದ ನೀರಿಗೆ ಮೂತಿ ಅದ್ದುತ್ತದೆ, ಗುಟುಕು ಒಳಗೆ ಹೋಗುವುದಿಲ್ಲ. ಜೊಲ್ಲು ಎಳೆಯಾಗಿ ಮಣ್ಣಿಗೆ ಇಳಿಯುತ್ತದೆ. ಮಣ್ಣನ್ನೇ ಕಚ್ಚುತ್ತದೆ, ಸರಪಳಿ ಕಚ್ಚುತ್ತದೆ, ಹೆಸರು ಕರೆದರೆ ತಿರುಗುವುದಿಲ್ಲ. ಪಶು ಡಾಕ್ಟರನ್ನು ಕರೆಸಿದರು. ಅವರು ದೂರ ನಿಂತು ನೋಡಿ, ಇನ್ನೇನೂ ಮಾಡುವ ಹಾಗಿಲ್ಲ, ಹತ್ತಿರ ಹೋಗಬೇಡಿ ಅಂದರು. ಎರಡು ದಿನಕ್ಕೆ ಸತ್ತಿತು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿದರು. ಬೈಲಪ್ಪ ಗುದ್ದಲಿಯ ಕಾವಿಗೆ ಹಣೆ ಒರಗಿಸಿ ಅತ್ತ. ಮುಂಚೆಯೇ ಲಸಿಕೆ ಹಾಕಿಸಿದ್ದರೆ ಉಳಿಯುತ್ತಿತ್ತೇನೋ ಎಂದು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಆಡಿದ.

ಅಜ್ಜಮ್ಮ ಅಳಲಿಲ್ಲ. ಅವಳಿಗೆ ಮರುಳಪ್ಪನ ಮೀನಖಂಡ ಕಣ್ಣಿಗೆ ಕಟ್ಟಿತ್ತು.

"ಫೋನ್ ಹಚ್ರಿ ಗೌಡ್ರಿಗೆ," ಅಂದಳು.

ಫೋನಿನಲ್ಲಿ ಮರುಳಪ್ಪ ನಕ್ಕ. "ಔಷಧಿ ತಗಂಡೀನಿ ಕಣಮ್ಮ, ಪಥ್ಯಾನೂ ಮುಗೀತು. ಗಾಯ ಮಾಯ್ದು ಎಷ್ಟು ದಿನಾತು! ನಾಯಿಗೂ ಮನಷ್ಯಂಗೂ ಒಂದೇನಾ?" ಅವಳು ಇನ್ನೊಂದು ಮಾತು ಆಡುವಷ್ಟರಲ್ಲಿ ಯಾರೋ ಕರೆದರು ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮಾರನೇ ದಿನ ಅವಳ ಕೊನೆಯ ಸೂಜಿ. ನ್ಯಾಮತಿಯ ಆಸ್ಪತ್ರೆಯಲ್ಲಿ ಅದನ್ನು ಹಾಕಿಸಿಕೊಂಡು, ಅಲ್ಲಿಯ ಡಾಕ್ಟರನ್ನು ಕೇಳಿದಳು: ತಿಂಗಳ ಹಿಂದೆ ಕಚ್ಚಿಸಿಕೊಂಡವರು, ಏನೂ ಹಾಕಿಸಿಕೊಳ್ಳದವರು, ಈಗ ಬಂದರೆ ಆಗುತ್ತದಾ?

"ಇನ್ನೂ ಆರಾಮಿದ್ದಾರಾ?"

"ನಿನ್ನೆವರೆಗೂ ನಗ್ತಿದ್ರು."

"ಹಾಗಾದ್ರೆ ಇವತ್ತೇ ಬರಲಿ. ತಡ ಆಗಿದೆ ಅಂತ ಬಿಡಬಾರದು. ಕಾಯಿಲೆ ಕಾಣಿಸಿಕೊಂಡ ಮೇಲೆ ನಮ್ಮ ಕೈಲಿ ಏನೂ ಇಲ್ಲ. ಅದಕ್ಕೂ ಮುಂಚೆ ಎಲ್ಲಾ ಇದೆ."

ಅವಳು ಮಂದೆಗೆ ವಾಪಸು ಹೋಗಲಿಲ್ಲ. ಹೊನ್ನಾಳಿ ಬಸ್ಸು ಹತ್ತಿದಳು. ಹೊನ್ನಾಳಿಯಲ್ಲಿ ಇಳಿದು ಬಸವಾಪಟ್ಟಣದ ಬಸ್ಸು. ಕಿಟಕಿಯಾಚೆ ನಾಟಿಗೆ ಅಣಿಯಾದ ಗದ್ದೆಗಳಲ್ಲಿ ನೀರು ನಿಂತಿತ್ತು. ಏನು ಹೇಳುವುದು ಎಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸಿದಳು. ಜೋಡಿಸಿದ್ದೆಲ್ಲ ಕತ್ತಲಗೆರೆ ಮುಟ್ಟುವ ಹೊತ್ತಿಗೆ ಚೆದುರಿತ್ತು. ಆಸ್ಪತ್ರೆಯಲ್ಲಿ ಅವತ್ತೇ ಬಾಯಿ ಬಿಟ್ಟಿದ್ದರೆ ಡಾಕ್ಟರಮ್ಮ ಹೊರಗೆ ಬಂದು ಅವನನ್ನು ಒಳಗೆ ಕರೆಯುತ್ತಿದ್ದರು. ಆ ಒಂದು ಮಾತು ನುಂಗಿದ್ದು ತಾನು. ಇದೊಂದೇ ಅವಳ ತಲೆಯಲ್ಲಿತ್ತು.

ಮರುಳಪ್ಪನ ಹೆಂಡತಿ ಶಿವಗಂಗಮ್ಮ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯಲ್ಲಿ ಕೈಯಾಡಿಸುತ್ತಿದ್ದಳು. ಇವಳನ್ನು ಕಂಡು ಎದ್ದು ಬಂದಳು. "ಬಾ ಅಜ್ಜಮ್ಮ. ಕೈ ಹೆಂಗೈತೆ? ಇಷ್ಟು ದೂರ ಒಬ್ಬಳೇ ಯಾಕೆ ಬಂದೆ? ಕೂತ್ಕ, ಉಣ್ಣುವಂತೆ."

"ಗೌಡ್ರು ಅದಾರೇನ್ರಿ ಅಮ್ಮಾರೆ?"

ಮರುಳಪ್ಪ ಪಡಸಾಲೆಯಿಂದ ಹೊರಗೆ ಬಂದ. ಅವಳನ್ನು ನೋಡಿದ ಕೂಡಲೇ ಮುಖ ಗಂಟಾಯಿತು. "ಫೋನಲ್ಲೇ ಹೇಳೀನಲ್ಲ," ಅಂದ ಹಲ್ಲೊಳಗೆ.

"ಕೆಂಚ ಸತ್ತ ಗೌಡ್ರೆ. ಹುಚ್ಚು ಹಿಡಿದು ಸತ್ತ. ನಿಮಗೆ ಕಚ್ಚಿದ ನಾಯಿಯೇ ಅವನಿಗೂ ಕಚ್ಚಿದ್ದು."

ಶಿವಗಂಗಮ್ಮನ ಕೈಯಲ್ಲಿದ್ದ ಅಡಿಕೆ ಕೆಳಗೆ ಬಿತ್ತು. "ನಿಮಗೆ? ನಿಮಗ್ಯಾವಾಗ ಕಚ್ಚಿತ್ತು?"

ಮನೆಯಲ್ಲಿ ಯಾರಿಗೂ ಅವನು ಹೇಳಿರಲಿಲ್ಲ. ಪಥ್ಯ ಮಾಡಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದ್ದ. ಈಗ ಸಿಟ್ಟು ಬಂತು. "ಊರೆಲ್ಲಾ ಕೇಳಂಗೆ ಕೂಗಬ್ಯಾಡ. ಆರಾಮಿರೋ ಮನಷ್ಯನ್ನ ಸಾಯಿಸಾಕೆ ಬಂದೀಯ? ಬಂದಿದ್ದೀಯ, ಉಂಡು ಹೋಗು," ಎಂದು ಒಳಗೆ ತಿರುಗಿದ.

ಬೇರೆ ದಿನವಾಗಿದ್ದರೆ ಅಜ್ಜಮ್ಮ ಕೈ ಮುಗಿದು ರಸ್ತೆಗಿಳಿಯುತ್ತಿದ್ದಳು. ಅವತ್ತು ಕಟ್ಟೆಯ ಮೇಲೆ ಕೂತಳು. "ಉಣ್ಣಲ್ಲ ಗೌಡ್ರೆ. ನೀವು ವ್ಯಾನ್ ಹತ್ತೋವರೆಗೂ ಇಲ್ಲಿಂದ ಏಳಲ್ಲ. ಒಂದು ಮಾತು ಹೇಳ್ತೀನಿ, ನಮ್ಮಣ್ಣಂದು. ಕೇಳಿದ ಮ್ಯಾಲೆ ಬೈಯ್ರಿ."

ಬಾಗಿಲಲ್ಲಿ ಅವನು ನಿಂತ. ತಿರುಗಲಿಲ್ಲ.

ಅವಳು ಯಾರಿಗೂ ಹೇಳಿದ್ದಲ್ಲ ಅದು. ಗಂಡನಿಗೂ ಪೂರಾ ಹೇಳಿರಲಿಲ್ಲ.

"ನಮ್ಮಣ್ಣಂಗೆ ಮರಿನಾಯಿ ಕಚ್ಚಿತ್ತು. ಇಷ್ಟೇ ಗಾಯ, ನಿಮ್ಮದಕ್ಕಿಂತ ಸಣ್ಣದು. ನಮ್ಮವ್ವ ಮೆಣಸಿನಪುಡಿ ಒತ್ತಿದ್ಲು. ಒಬ್ರು ಬೇರು ಕೊಟ್ರು. ಅವನೂ ಪಥ್ಯ ಮಾಡಿದ. ಮಾಯ್ದೂ ಹೋತು. ಕುರಿ ಕಾದ, ಈಜಿದ, ಜಾತ್ರೆಗೋದ. ಎಲ್ರಿಗೂ ಮರ್ತೇ ಹೋತು. ಒಂದಿನ ಬೆಳಗ್ಗೆ, ಗಾಯ ಇದ್ದ ಜಾಗ ತುರಿಕೆ ಅಂದ. ಸಂಜಿಗೆ ನೀರು ಕೊಟ್ರೆ ಗಂಟ್ಲು ಬಿಗಿಯುತ್ತೆ ಅಂದ. ಮಾರನೇ ದಿನ ಚೊಂಬು ಕಂಡ್ರೆ ಹೆದರಾಕೆ ಹತ್ತಿದ. ಬಾಯಾರಿಕೆ ಅವ್ನಿಗೆ, ನೀರು ನೀರು ಅಂತಾನೆ. ತುಟಿ ಹತ್ರ ಹಿಡಿದ್ರೆ ಮೈಯೆಲ್ಲ ಸೆಟೆದು ಹಿಂದಕ್ಕೆ ಬೀಳ್ತಾನೆ. ಗಾಳಿ ಬೀಸಿದ್ರೆ ಕೂಗ್ತಾನೆ. ಕೋಣೇಲಿ ಹಾಕಿ ಅಗಳಿ ಹಾಕಿದ್ರು. ನಾ ಕಿಟಕೀಲಿ ನಿಂತಿದ್ದೆ. ಬುದ್ಧಿ ಎಲ್ಲ ಇತ್ತು ಗೌಡ್ರೆ ಅವನಿಗೆ. ನನ್ನ ಹೆಸರು ಹಿಡಿದು ಕರೆದ. ‘ಅಜ್ಜೀ, ನೀ ದೂರ ಹೋಗು, ನಾ ಕಚ್ಚಿಬಿಟ್ಟೇನು’ ಅಂದ. ತಾನೇ ಹೇಳಿದ. ಎರಡು ದಿನ ಇದ್ದ."

ಉಸಿರು ತೆಗೆದುಕೊಂಡು ಮತ್ತೆ ಅಂದಳು: "ಆಸ್ಪತ್ರೇಲಿ ಡಾಕ್ಟರಮ್ಮ ನನ್ನ ಕೇಳಿದ್ರು, ಬೇರೆ ಯಾರಿಗಾರ ಕಚ್ಚೈತಾ ಅಂತ. ನಾ ಹೇಳ್ಲಿಲ್ಲ. ನಿಮ್ಮ ಮರ್ಯಾದೆಗೆ ಹೆದರಿ ಹೇಳ್ಲಿಲ್ಲ. ಆ ಪಾಪ ಹೊತ್ಕಂಡು ಬದುಕಾಕೆ ನನ್ನ ಕೈಲಿ ಆಗಲ್ಲ."

ಶಿವಗಂಗಮ್ಮ ಗಂಡನ ಮುಂದೆ ಹೋಗಿ ನಿಂತಳು. ಕಣ್ಣು ತುಂಬಿದ್ದರೂ ದನಿ ಗಟ್ಟಿಯಿತ್ತು.

"ವ್ಯಾನಿನ ಕೀಲಿ ಎಲ್ಲೈತ್ರಿ?"

"ಗಂಗಾ..."

"ಚುಚ್ಚಿಸ್ಕಳಾಕೆ ಹೆದರಿಕೆ ಆದ್ರೆ ನನ್ನ ಕೈ ಹಿಡ್ಕಳ್ರಿ. ಕೀಲಿ ಎಲ್ಲೈತೆ?"

ಮರುಳಪ್ಪ ಜೇಬಿಗೆ ಕೈ ಹಾಕಿದ. ಕೀಲಿ ತೆಗೆದು ಹೆಂಡತಿಯ ಕೈಗಿಟ್ಟ. ಎದುರುಮನೆಯ ಹುಡುಗನನ್ನು ಕರೆದು ವ್ಯಾನ್ ಓಡಿಸಲು ಹೇಳಿದರು.

ಚನ್ನಗಿರಿಯಲ್ಲಿ ಅದೇ ಡಾಕ್ಟರಮ್ಮ ಇದ್ದರು. ಬೈಯಲಿಲ್ಲ. ಮಾಯ್ದ ಗುರುತಿನ ಮೇಲೆ ಬೆರಳಿಟ್ಟು, ತುರಿಕೆ ಇದೆಯಾ, ಜುಮ್ಮೆನ್ನುತ್ತಾ, ಜ್ವರ ಬಂದಿತ್ತಾ ಎಂದು ಒಂದೊಂದೇ ಕೇಳಿದರು. ಇಲ್ಲ, ಇಲ್ಲ ಎಂದು ಮರುಳಪ್ಪ ಮಗುವಿನ ಹಾಗೆ ತಲೆಯಾಡಿಸಿದ. ಮಾಯ್ದಿದ್ದರೂ ಆ ಜಾಗಕ್ಕೆ ಔಷಧಿ ಕೊಡಲೇಬೇಕು ಎಂದರು. ಅವನು ಹೆಂಡತಿಯ ಕೈ ಹಿಡಿದುಕೊಂಡ. ಕೂಗಲಿಲ್ಲ, ಕಣ್ಣು ಮುಚ್ಚಿ ಏನೋ ಜಪಿಸಿದ. ಹೊರಡುವಾಗ ಶಿವಗಂಗಮ್ಮ, "ಇನ್ನು ಭಯ ಇಲ್ವಲ್ರಿ?" ಎಂದು ಕೇಳಿದಳು.

"ಅವತ್ತೇ ಬಂದಿದ್ರೆ ಇಲ್ಲ ಅಂತ ಹೇಳ್ತಿದ್ದೆ," ಅಂದರು ಡಾಕ್ಟರಮ್ಮ. "ಈಗ ಒಳ್ಳೇದಾಗುತ್ತೆ ಅಂತ ನಂಬೋಣ. ಒಂದು ಸೂಜಿನೂ ತಪ್ಪಿಸಬೇಡಿ. ಕೆಲವು ತಿಂಗಳು ಕಣ್ಣಿಟ್ಟಿರಿ."

ಆ ಕೆಲವು ತಿಂಗಳು ಹೇಗೆ ಕಳೆದವು ಎಂಬುದು ಶಿವಗಂಗಮ್ಮನಿಗೆ ಗೊತ್ತು. ಗಂಡ ಬೆಳಗ್ಗೆ ಎದ್ದು ಮೊದಲ ಲೋಟ ನೀರು ಕುಡಿಯುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲನ್ನೇ ನೋಡುತ್ತಿದ್ದಳು. ಗುಟುಕು ಇಳಿದ ಮೇಲೆ ಒಲೆಯ ಮುಂದೆ ಹೋಗುತ್ತಿದ್ದಳು. ಅವನಿಗೂ ಅದು ಗೊತ್ತಿತ್ತು. ಒಮ್ಮೊಮ್ಮೆ ಬೇಕಿಲ್ಲದಿದ್ದರೂ ಇನ್ನೊಂದು ಲೋಟ ಕೇಳಿ, ಅವಳ ಎದುರು ಕುಡಿದು ಇಡುತ್ತಿದ್ದ. ಮಂದೆ ತಿರುಗಿ ಜಗಳೂರಿಗೆ ಹೋದ ಮೇಲೂ ಅಜ್ಜಮ್ಮನಿಗೆ ಅವಳ ಫೋನು ಬರುತ್ತಿತ್ತು. ಮೊದಲು ದಿನಾ. ಹೆಚ್ಚು ಮಾತಿಲ್ಲ. "ಇವತ್ತೂ ನೀರು ಕುಡಿದ್ರು ಅಜ್ಜಮ್ಮ," ಅನ್ನುತ್ತಿದ್ದಳು. "ಕುಡಿದ್ರಾ? ಹ್ಞೂಂ ಕಣ್ರೀ ಅಮ್ಮಾರೆ," ಎಂದು ಇವಳು. ಆಮೇಲೆ ವಾರಕ್ಕೊಮ್ಮೆ ಆಯಿತು. ಕೊನೆಯ ಸೂಜಿಯೂ ಆಯಿತು ಎಂದು ಒಂದು ದಿನ ಹೇಳಿದಳು. ಇಷ್ಟು ಹೊತ್ತಿಗೆ ಆ ಇಬ್ಬರು ಹೆಂಗಸರ ನಡುವೆ ಒಂದು ನೆಂಟಸ್ತಿಕೆ ಬೆಳೆದಿತ್ತು. ಅದಕ್ಕೊಂದು ಹೆಸರು ಕೊಡಲು ಇಬ್ಬರಿಗೂ ಬರುತ್ತಿರಲಿಲ್ಲ.

ಮುಂಗಾರು ಬಿದ್ದ ಮೇಲೆ ಫೋನು ನಿಂತಿತು. ಒಂದು ವಾರ ಬರಲಿಲ್ಲ. ಇನ್ನೊಂದು ವಾರವೂ ಬರಲಿಲ್ಲ. ಅಜ್ಜಮ್ಮ ತಮ್ಮ ಹೊಲದಲ್ಲಿ ಶೇಂಗಾ ಕಳೆ ತೆಗೆಯುತ್ತ, ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ತಿರುಗುವಾಗೆಲ್ಲ ಫೋನಿದ್ದ ಬೈಲಪ್ಪನ ಅಂಗಿಯ ಜೇಬು ನೋಡುತ್ತಿದ್ದಳು. ಮಾಡುವುದಕ್ಕೂ ಹೆದರಿಕೆ, ಮಾಡದೆ ಇರುವುದಕ್ಕೂ ಹೆದರಿಕೆ. ಕೊನೆಗೆ ಒಂದು ಮಧ್ಯಾಹ್ನ ತಡೆಯಲಾಗದೆ, "ಹಚ್ಚಿಕೊಡ್ರಿ" ಎಂದು ಕೈ ಚಾಚಿದಳು.

ಬಹಳ ಹೊತ್ತು ರಿಂಗಾಯಿತು. ಎತ್ತಿದ್ದು ಗಂಡಸಿನ ದನಿ.

"ಯಾರು?"

"ನಾನ್ರಿ, ಅಜ್ಜಮ್ಮ," ಅಂದಳು.

ಆ ಕಡೆ ಮರುಳಪ್ಪ ಕೆಮ್ಮಿದ. "ಗಂಗಾ ಮಗಳ ಮನೆಗೆ ಹೋಗ್ಯಾಳೆ, ಬಾಣಂತನಕ್ಕೆ. ಫೋನ್ ಇಲ್ಲೇ ಬಿಟ್ಟು ಹೋಗ್ಯಾಳೆ. ಏನಾರ ಹೇಳ್ಬೇಕಿತ್ತಾ?"

"ಏನಿಲ್ರಿ ಗೌಡ್ರೆ."

ಅವನು ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು.

"ಊಟ ಆತೇನಮ್ಮ?" ಎಂದು ಕೇಳಿದ.

"ಇನ್ನೂ ಇಲ್ರಿ. ಕಳೆ ತೆಗೀತಿದ್ವಿ."

"ಉಣ್ಣು ಹೋಗು. ಹೊತ್ತಾತು."

ಅವಳು ಫೋನನ್ನು ಗಂಡನಿಗೆ ಕೊಟ್ಟಳು. ಏನಂತೆ ಎಂದು ಬೈಲಪ್ಪ ಕೇಳಿದ. ಗೌಡ್ರು ಚೆನ್ನಾಗದಾರೆ, ಅಂದಳು. ಅಷ್ಟು ಹೇಳಿ, ಕಳೆ ತೆಗೆಯುವ ಕುರುಚಿಗೆ ಕೈಯಲ್ಲಿದ್ದ ಹಾಗೆಯೇ ಬದುವಿನ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು.